ಕಥೆಯ ಗುಟ್ಟು, ಮನೆಯ ಮಾತು

ಕಳೆದ ದೀಪಾವಳಿಗೆ ಮಗ ಮತ್ತು ಸೊಸೆ ಬೆಂಗಳೂರಿನಿಂದ ಜಮಖಂಡಿಗೆ ಬಂದಿದ್ದರು. ಪಾಡ್ಯದ ದಿನ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕುಳಿತಿದ್ದೆವು. ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿರುವಾಗ ನಾನು ಸಹಜವಾಗಿ, ಆ ದಿನಗಳಲ್ಲಿ ಮನೆಯವರೆಲ್ಲ ನೋಡುತ್ತಿದ್ದ ಒಂದು ಪತ್ತೇದಾರಿ ಧಾರಾವಾಹಿಯ ವಿಷಯ ತೆಗೆದೆ. "ಆ ಡಾಕ್ಟರನ ಮ್ಯಾಲ ನನಗ ಮೊದಲಿಂದನೂ ಸಂಶೇ ಇತ್ತು ನೋಡು" ಎಂದೆ. ಮಗ ತುತ್ತನ್ನು ತಾಟಿನಲ್ಲಿಯೇ ಬಿಟ್ಟು ಎಡಗೈಯಿಂದ ಕಿವಿ ಮುಚ್ಚಿಕೊಂಡ. "ಅಪ್ಪಾ, ಮುಂದ ಹೇಳಬ್ಯಾಡ್ರಿ! ನಾ ಇನ್ನೂ ನಾಲ್ಕನೇ ಎಪಿಸೋಡಿನ್ಯಾಗ ಅದೀನಿ."

ಸೊಸೆ ಆರನೆಯ ಕಂತಿನಲ್ಲಿದ್ದಳು. ನನ್ನ ಮನೆಯಾಕೆ ಎರಡನೆಯದನ್ನು ನೋಡುತ್ತಲೇ ನಿದ್ದೆಹೋಗಿದ್ದಳು. ಹಿಂದಿನ ರಾತ್ರಿ ಮೂರು ಗಂಟೆಯವರೆಗೆ ಕಣ್ಣು ಕೆಂಪಗೆ ಮಾಡಿಕೊಂಡು ಎಂಟನ್ನೂ ಮುಗಿಸಿದ ಪುಣ್ಯಾತ್ಮ ನಾನೊಬ್ಬನೇ. ಒಂದೇ ಮನೆ, ಒಂದೇ ಕಥೆ, ನಾಲ್ಕು ಜನ. ಆದರೆ ಆ ಕಥೆಯ ಬಗ್ಗೆ ಯಾರೂ ಯಾರ ಮುಂದೆಯೂ ಬಾಯಿ ಬಿಡುವಂತಿರಲಿಲ್ಲ. ಉಳಿದ ಊಟ ಹೆಚ್ಚುಕಡಿಮೆ ಮೌನದಲ್ಲಿಯೇ ಮುಗಿಯಿತು. ಆ ಮೌನ ನನ್ನನ್ನು ಹಲವು ದಿನ ಕಾಡಿದ್ದರಿಂದಲೇ ಈ ಲೇಖನ.

ಕಥೆಯ ತಿರುವನ್ನೋ ಕೊನೆಯನ್ನೋ ಮೊದಲೇ ಹೇಳಿ ಕೆಡಿಸುವುದಕ್ಕೆ 'ಸ್ಪಾಯ್ಲರ್' ಎನ್ನುತ್ತಾರೆಂದು ಮಗ ಆಮೇಲೆ ನನಗೆ ತಿಳಿಸಿಕೊಟ್ಟ. ಈ ಅರ್ಥದಲ್ಲಿ ಆ ಪದ ಅಚ್ಚಾದದ್ದು 1971ರಲ್ಲಿ, ಅಮೆರಿಕದ 'ನ್ಯಾಷನಲ್ ಲ್ಯಾಂಪೂನ್' ಎಂಬ ಹಾಸ್ಯ ಪತ್ರಿಕೆಯಲ್ಲಿ. ಕಂತುಗಳನ್ನು ಒಂದರ ಮೇಲೊಂದು ಒಂದೇ ಏಟಿಗೆ ನೋಡಿ ಮುಗಿಸುವುದಕ್ಕೆ 'ಬಿಂಜ್ ವಾಚ್' ಎಂಬ ಹೆಸರು. ಕಾಲಿನ್ಸ್ ನಿಘಂಟಿನವರು 2015ರಲ್ಲಿ ಅದನ್ನು ವರ್ಷದ ಪದವೆಂದು ಆರಿಸಿದ್ದರು. ಮೂರು ದಶಕಗಳಿಗೂ ಹೆಚ್ಚು ಕಾಲ ಕನ್ನಡ ಕಲಿಸಿದವನಾದ್ದರಿಂದ ಇವೆರಡಕ್ಕೂ ಕನ್ನಡದಲ್ಲಿ ಏನು ಹೇಳಬಹುದೆಂದು ಯೋಚಿಸಿದೆ. 'ಗುಟ್ಟು ಒಡೆಯುವುದು' ಎನ್ನಬಹುದು. ಆದರೆ ನಮ್ಮಲ್ಲಿ ಅದು ಮನೆತನದ ಗುಟ್ಟಿಗೆ, ರಾಜಕಾರಣದ ಗುಟ್ಟಿಗೆ ಹೇಳುವ ಮಾತು. ಕಥೆಯ ಕೊನೆ ಹೇಳಿದ್ದು ಅಪರಾಧವಾಯಿತೆಂಬುದಕ್ಕೆ ನಮ್ಮ ಹಿರಿಯರು ಒಂದು ಪದವನ್ನು ಮಾಡಿಟ್ಟಂತೆ ಕಾಣಲಿಲ್ಲ. ಬಹುಶಃ ಅವರಿಗೆ ಅದರ ಅಗತ್ಯವೇ ಬಿದ್ದಿರಲಿಕ್ಕಿಲ್ಲ.

ಇಡೀ ರಾತ್ರಿ ಕುಳಿತು ನೋಡುವ ಹುಚ್ಚು ಮಾತ್ರ ನಮಗೆ ಹೊಸದಲ್ಲ. ಹಾಗಾಗಿ ಇಂದಿನ ಹುಡುಗರನ್ನು ಅದಕ್ಕಾಗಿ ಬಯ್ಯುವ ಅಧಿಕಾರ ನನಗಿಲ್ಲ. 1970ರ ಸುಮಾರಿಗೆ ನಾನು ಹತ್ತು ವರ್ಷದ ಹುಡುಗ. ಜಮಖಂಡಿಯಿಂದ ಆರೇಳು ಮೈಲಿ ದೂರದ ನಮ್ಮ ಹಳ್ಳಿಗೆ ಸುಗ್ಗಿ ಮುಗಿದ ಮೇಲೆ ಶ್ರೀಕೃಷ್ಣ ಪಾರಿಜಾತದ ಮೇಳ ಬರುತ್ತಿತ್ತು. ರಾತ್ರಿ ಊಟ ಮುಗಿಸಿ, ಕಂಬಳಿ ಹೆಗಲಿಗೆ ಹಾಕಿಕೊಂಡು, ಶೇಂಗಾ ಚುರಮುರಿ ಕಟ್ಟಿಕೊಂಡು, ಗುಡಿಯ ಮುಂದಿನ ಬಯಲಿನಲ್ಲಿ ಜಾಗ ಹಿಡಿಯುತ್ತಿದ್ದೆವು. ಗ್ಯಾಸಬತ್ತಿಯ ಬೆಳಕಿನಲ್ಲಿ ಆರಂಭವಾದ ಆಟ ಮುಗಿಯುವುದು ಮೂಡಲ ಕೆಂಪಾದ ಮೇಲೆಯೇ.

ಬಾಗಲಕೋಟೆ, ಬೆಳಗಾವಿ ಸೀಮೆಯವರಿಗೆ ಪಾರಿಜಾತದ ಪರಿಚಯ ಮಾಡಿಕೊಡಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಅಪರಾಳ ತಮ್ಮಣ್ಣ ರಚಿಸಿದ ಕೃತಿಯನ್ನು ಕುಲಗೋಡದ ತಮ್ಮಣ್ಣ ರಂಗಕ್ಕೆ ತಂದು ಬೆಳೆಸಿದನೆಂಬುದು ಪ್ರಸಿದ್ಧವಾದ ಸಂಗತಿ. ಮುಂದೆ ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ಅದರ ಕೀರ್ತಿ ಊರೂರಿಗೆ ಹಬ್ಬಿತು. ಕಥೆಯಾದರೋ ಅಂಗೈಯಗಲದ್ದು. ನಾರದ ತಂದ ಪಾರಿಜಾತದ ಹೂವು ರುಕ್ಮಿಣಿಗೆ ಸಲ್ಲುತ್ತದೆ, ಸತ್ಯಭಾಮೆ ಮುನಿಯುತ್ತಾಳೆ, ಕೃಷ್ಣ ಕೊರವಂಜಿಯ ವೇಷ ತೊಟ್ಟು ಬರುತ್ತಾನೆ. ಬಯಲಿನಲ್ಲಿ ಕುಳಿತ ಪ್ರತಿಯೊಬ್ಬನಿಗೂ, ಕೂಸು ಮಲಗಿಸಿಕೊಂಡ ತಾಯಂದಿರಿಗೂ ಇದೆಲ್ಲ ಗೊತ್ತು. ಬಂದವಳು ಕೊರವಂಜಿಯಲ್ಲ, ಕೃಷ್ಣ ಎಂಬುದು ಭಾಮೆಯೊಬ್ಬಳಿಗೆ ಮಾತ್ರ ಗೊತ್ತಿಲ್ಲ. ಆ ದೃಶ್ಯದ ಸೊಗಸೆಲ್ಲ ಇರುವುದು ನಮಗೆ ಗುಟ್ಟು ಗೊತ್ತಿರುವುದರಲ್ಲಿಯೇ. ನಮಗೂ ತಿಳಿಯದೆ ಇದ್ದಿದ್ದರೆ ನಗುವುದಾದರೂ ಎಲ್ಲಿಂದ?

ನಮ್ಮ ಓಣಿಯ ಮುದುಕರು ನೋಡಲು ಬರುತ್ತಿದ್ದದ್ದು ಮುಂದೇನಾಗುತ್ತದೆ ಎಂದಲ್ಲ. ಈ ಸಲದ ಭಾಮೆ ಮುನಿಸನ್ನು ಹೇಗೆ ತೋರಿಸುತ್ತಾಳೆ, ಹೋದ ವರ್ಷದ ಭಾಗವತನಿಗಿಂತ ಈ ಭಾಗವತನ ದನಿ ಹೇಗೆ, ದೂತಿಯ ಮಾತಿಗೆ ಅವನು ಕೊಡುವ ಮರುಮಾತು ಎಷ್ಟು ಚುರುಕು ಎಂದು. ಮರುದಿನ ಇಡೀ ಊರು ತೂಕಡಿಸುತ್ತಿತ್ತು; ಆದರೆ ತೂಕಡಿಸುತ್ತಲೇ ಬಾವಿಯ ಕಟ್ಟೆಯ ಮೇಲೆ, ಕಣದಲ್ಲಿ, ಹಿಟ್ಟಿನ ಗಿರಣಿಯ ಮುಂದೆ ಅದೇ ಮಾತು ನಡೆಯುತ್ತಿತ್ತು. ಎಲ್ಲರೂ ಒಂದೇ ರಾತ್ರಿ, ಒಂದೇ ಕಡೆ, ಒಂದೇ ಆಟವನ್ನು ನೋಡಿದ್ದರು.

ಪಾರಿಜಾತ ಜನಪದರ ಆಟ, ಅದಕ್ಕೆ ಈ ಮಾತು ಒಪ್ಪಬಹುದು ಎಂದು ಯಾರಾದರೂ ಹೇಳಿಯಾರು. ಹಾಗಾದರೆ ನಮ್ಮ ಮಗ್ಗುಲಿನ ಮುಧೋಳದ ರನ್ನನನ್ನು ನೋಡೋಣ. ಕ್ರಿ.ಶ. 949ರಲ್ಲಿ ಬಳೆಗಾರರ ಮನೆತನದಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ಆ ಮಹಾನುಭಾವ ಗದಾಯುದ್ಧಕ್ಕೆ ಇಟ್ಟ ಇನ್ನೊಂದು ಹೆಸರು 'ಸಾಹಸಭೀಮ ವಿಜಯ'. ಭೀಮ ಮತ್ತು ದುರ್ಯೋಧನರ ಕಾಳಗದಲ್ಲಿ ಗೆದ್ದವರಾರು ಎಂಬುದನ್ನು ಕವಿ ಹೆಸರಿನಲ್ಲಿಯೇ ಹೇಳಿಬಿಟ್ಟಿದ್ದಾನೆ! ಅಷ್ಟೇ ಅಲ್ಲ, ಮಹಾಭಾರತವನ್ನು ಮೊದಲಿನಿಂದ ಹೇಳುತ್ತ ಬರುವ ಬದಲು ಯುದ್ಧದ ಕೊನೆಯ ಘಟ್ಟವನ್ನೇ ಹಿಡಿದು, ನಡೆದುಹೋದದ್ದನ್ನೆಲ್ಲ ಸಿಂಹಾವಲೋಕನ ಕ್ರಮದಿಂದ ತಿರುಗಿ ನೋಡಿದ್ದಾನೆ.

ಹತ್ತನೆಯ ತರಗತಿಗೆ ಗದಾಯುದ್ಧದ ಭಾಗವನ್ನು ನಾನು ಅನೇಕ ವರ್ಷ ಪಾಠ ಮಾಡಿದ್ದೇನೆ. ಸಂಜಯ ಸಂಧಿಯ ಮಾತನಾಡಿದರೂ ದುರ್ಯೋಧನ ಒಪ್ಪದೆ ಛಲವನ್ನೇ ಹಿಡಿಯುವ ಸಂದರ್ಭ ಬಂದಾಗ ತರಗತಿ ಗಪ್ಪನೆ ನಿಶ್ಶಬ್ದವಾಗುತ್ತಿತ್ತು. ಅವನ ತೊಡೆ ಮುರಿಯುತ್ತದೆಂದು ಆ ಹುಡುಗರಲ್ಲಿ ಯಾರಿಗೆ ಗೊತ್ತಿರಲಿಲ್ಲ? ಗೊತ್ತಿದ್ದುದರಿಂದಲೇ ಆ ಛಲ ಅವರನ್ನು ಮುಟ್ಟುತ್ತಿತ್ತು. ಗೆಲ್ಲಬಹುದೆಂಬ ಆಸೆಯಿಂದ ಹೋರಾಡುವವನನ್ನು ನೋಡುವುದು ಬೇರೆ, ಸೋಲು ಕಣ್ಣೆದುರಿಗಿದ್ದೂ ಹಿಂಜರಿಯದವನನ್ನು ನೋಡುವುದು ಬೇರೆ. ಕೊನೆಯನ್ನು ಮುಚ್ಚಿಟ್ಟಿದ್ದರೆ ಈ ಎರಡನೆಯದು ನಮಗೆ ದಕ್ಕುತ್ತಲೇ ಇರಲಿಲ್ಲ.

ಹಾಗೆಂದು ಮಗನ ಸಿಟ್ಟಿನಲ್ಲಿ ಹುರುಳೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಗುಟ್ಟೇ ಜೀವಾಳವಾದ ಕಥೆಗಳೂ ಇವೆ. ನಮ್ಮ ಕಾಲದ ಹುಡುಗರಿಗೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳೆಂದರೆ ಪ್ರಾಣ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ಆ ಲೇಖಕರು ನೂರಾರು ಕಾದಂಬರಿ ಬರೆದು ಲಕ್ಷಾಂತರ ಜನರಿಗೆ ಓದುವ ರುಚಿ ಹಚ್ಚಿದರು. ಒಮ್ಮೆ ಪತ್ತೇದಾರ ಪುರುಷೋತ್ತಮನ ಒಂದು ಪುಸ್ತಕಕ್ಕಾಗಿ ವಾಚನಾಲಯದಲ್ಲಿ ಮೂರು ವಾರ ಕಾದು, ಕೈಗೆ ಬಂದ ದಿನ ಮನೆಗೆ ಓಡಿಬಂದು ತೆರೆದರೆ ಮೊದಲ ಪುಟದಲ್ಲಿಯೇ ಯಾರೋ ಪೆನ್ಸಿಲಿನಿಂದ ಕೊಲೆಗಾರನ ಹೆಸರು ಬರೆದು ಅಡಿಗೆರೆ ಎಳೆದಿದ್ದರು. ಐವತ್ತು ವರ್ಷ ಕಳೆದರೂ ಆ ಅನಾಮಿಕನನ್ನು ನಾನು ಕ್ಷಮಿಸಿಲ್ಲ. ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿಯವರ 'ದಿ ಮೌಸ್‌ಟ್ರ್ಯಾಪ್' ನಾಟಕ 1952ರ ನವೆಂಬರಿನಿಂದ ನಡೆಯುತ್ತ ಬಂದಿದೆ. ಕೋವಿಡ್ ಕಾಲದ ಬಿಡುವೊಂದನ್ನು ಬಿಟ್ಟರೆ ನಿಂತಿಲ್ಲ. ಪ್ರತಿ ಪ್ರದರ್ಶನದ ಕೊನೆಗೆ ಕೊಲೆಗಾರ ಯಾರೆಂದು ಹೊರಗೆ ಹೇಳಬೇಡಿರೆಂದು ಪ್ರೇಕ್ಷಕರನ್ನು ಕೇಳಿಕೊಳ್ಳುವ ಪದ್ಧತಿಯಿದೆ. ಗುಟ್ಟು ಕಾಯುವುದೂ ಒಂದು ಸೌಜನ್ಯ. ಊಟದ ತಾಟಿನ ಮುಂದೆ ಆ ಸೌಜನ್ಯವನ್ನು ನಾನು ಮರೆತೆ. ಅಷ್ಟರ ಮಟ್ಟಿಗೆ ತಪ್ಪು ನನ್ನದೇ.

ಆದರೆ ಗುಟ್ಟು ಒಡೆದರೆ ಕಥೆಯೇ ಸತ್ತುಹೋಗುತ್ತದೆಯೇ? ಅಮೆರಿಕದ ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಹನ್ನೆರಡು ಸಣ್ಣ ಕಥೆಗಳನ್ನು ಓದುಗರಿಗೆ ಕೊಟ್ಟು, ಕೆಲವರಿಗೆ ಕೊನೆಯನ್ನು ಮೊದಲೇ ತಿಳಿಸಿದರು, ಕೆಲವರಿಗೆ ತಿಳಿಸಲಿಲ್ಲ. ಒಟ್ಟಾರೆ ಕೊನೆ ತಿಳಿದು ಓದಿದವರೇ ಕಥೆಯನ್ನು ಹೆಚ್ಚು ಮೆಚ್ಚಿದರಂತೆ. ಪತ್ತೇದಾರಿ ಕಥೆಗಳಲ್ಲಿಯೂ ಹಾಗೆಯೇ ಆಯಿತು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಇದಕ್ಕೆ ವಿರುದ್ಧವಾದ ಫಲವೂ ಬಂದಿದೆಯಾದ್ದರಿಂದ ಇದನ್ನು ವೇದವಾಕ್ಯವೆಂದು ನಾನು ಹಿಡಿಯುವುದಿಲ್ಲ. ಗುಟ್ಟಿಗೆ ನಾವು ಕೊಡುತ್ತಿರುವ ಬೆಲೆ ಅದರ ನಿಜವಾದ ಬೆಲೆಗಿಂತ ಹೆಚ್ಚಿರಬಹುದೆಂಬ ಅನುಮಾನಕ್ಕೆ ಮಾತ್ರ ಇದು ಸಾಕು.

ಆ ಅನುಮಾನ ನನಗೆ ಹುಟ್ಟಿದ್ದು ಪ್ರಯೋಗಾಲಯದಿಂದಲ್ಲ, ನನ್ನ ಅವ್ವನಿಂದ. ಕೊನೆಗಾಲದಲ್ಲಿ ಅವ್ವನ ಕಣ್ಣು ಮಂಜಾಗಿದ್ದವು. ಟಿ.ವಿ. ಮುಂದೆ ಕುಳಿತರೂ ಕಾಣಿಸುತ್ತಿರಲಿಲ್ಲ, ಮಾತೂ ಅರ್ಧ ಕೇಳುತ್ತಿರಲಿಲ್ಲ. ರಾತ್ರಿ ನನ್ನ ಮನೆಯಾಕೆ ಅವಳ ಹಾಸಿಗೆಯ ಪಕ್ಕ ಕುಳಿತು ಅಂದಿನ ಧಾರಾವಾಹಿಯ ಕಥೆ ಹೇಳುತ್ತಿದ್ದಳು. ಅವ್ವ ಮೊದಲೇ ತಡೆಯುತ್ತಿದ್ದಳು: "ಆ ಹುಡಿಗಿ ಉಳೀತಾಳೋ ಇಲ್ಲೋ, ಅದನ್ನ ಮೊದಲ ಹೇಳವಾ. ಆಮ್ಯಾಲ ಎಲ್ಲಾ ಸಾವಕಾಶ ಕೇಳ್ತೀನಿ." ಉಳಿದಳೆಂದು ಗೊತ್ತಾದ ಮೇಲೆ ನಿಶ್ಚಿಂತೆಯಿಂದ, ಅತ್ತೆ ಏನಂದಳು, ಸೊಸೆ ಏನು ಉಟ್ಟಿದ್ದಳು, ಅವನ ಮೋರೆ ಹೇಗಾಯಿತು ಎಂದು ಒಂದೊಂದನ್ನೂ ಬಿಡಿಸಿ ಬಿಡಿಸಿ ಕೇಳುತ್ತಿದ್ದಳು. ಅರ್ಧ ತಾಸಿನ ಕಂತಿಗೆ ಒಂದು ತಾಸಿನ ಮಾತು. ಆ ಅತ್ತೆಸೊಸೆಯರಿಗೆ ಅಷ್ಟು ವರ್ಷ ಇಲ್ಲದ ಸಲಿಗೆ ಆ ದಿನಗಳಲ್ಲಿ ಬೆಳೆಯಿತೆಂಬುದು ನನ್ನ ನಂಬಿಕೆ. ಅವ್ವನಿಗೆ ಬೇಕಾಗಿದ್ದದ್ದು ಕಥೆ ಮಾತ್ರವಾಗಿರಲಿಲ್ಲ. ಕಥೆ ಹೇಳಲು ತನ್ನ ಬಳಿ ಒಬ್ಬರು ಕುಳಿತಿರುವುದೂ ಬೇಕಾಗಿತ್ತು.

ನಾನು ಹೇಳಬೇಕೆಂದಿರುವ ಮುಖ್ಯವಾದ ಮಾತು ಇದೇ. ಕಥೆಯಿಂದ ನಮಗೆ ಸಿಗುವ ಸುಖದಲ್ಲಿ ಅರ್ಧಪಾಲು ಕಥೆಯ ಬಗ್ಗೆ ಆಡುವ ಮಾತಿನಲ್ಲಿದೆ. ಆ ಮಾತು ನಡೆಯಬೇಕಾದರೆ ಎಲ್ಲರೂ ಕಥೆಯಲ್ಲಿ ಒಂದೇ ಕಡೆ ನಿಂತಿರಬೇಕು, ಮತ್ತು ಮುಂದಿನ ಭಾಗ ಬರುವ ಮುನ್ನ ಒಂದಿಷ್ಟು ಬಿಡುವಿರಬೇಕು.

1965ರಲ್ಲಿ ಆರಂಭವಾದ 'ಸುಧಾ' ವಾರಪತ್ರಿಕೆ ನಮ್ಮ ಓಣಿಗೆ ಒಂದೇ ಪ್ರತಿ ಬರುತ್ತಿತ್ತು. ಅದು ಮನೆಯಿಂದ ಮನೆಗೆ ತಿರುಗುತ್ತ, ವಾರದ ಕೊನೆಗೆ ಹೊದಿಕೆ ಹರಿದು ನಮ್ಮ ಮನೆ ಸೇರುವಷ್ಟರಲ್ಲಿ ಧಾರಾವಾಹಿ ಕಾದಂಬರಿಯ ಅಂದಿನ ಕಂತಿನ ಕಥೆ ಎಲ್ಲರ ಬಾಯಲ್ಲಿಯೂ ಇರುತ್ತಿತ್ತು. ನಮ್ಮ ಅಕ್ಕ ಕಥೆಯನ್ನು ಮೊದಲು ಕೇಳಿ ಆಮೇಲೆ ಓದುತ್ತಿದ್ದಳು. ಅದರಿಂದ ಅವಳಿಗೆ ನಷ್ಟವಾದದ್ದು ಕಾಣೆ. ನಾಯಕಿ ಮುಂದಿನ ವಾರ ಏನು ಮಾಡಬೇಕೆಂಬ ಬಗ್ಗೆ ಓಣಿಯ ಹೆಣ್ಣುಮಕ್ಕಳಲ್ಲಿ ಏಳು ದಿನ ಚರ್ಚೆ. ನಾಯಕಿಯ ನೆಪದಲ್ಲಿ ಅವರು ಆಡುತ್ತಿದ್ದದ್ದು ತಮ್ಮದೇ ಬದುಕಿನ ಮಾತೆಂದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ.

ನಂತರ ದೂರದರ್ಶನದ ರಾಮಾಯಣ ಬಂದಿತು. 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ, ಪ್ರತಿ ರವಿವಾರ ಬೆಳಿಗ್ಗೆ, ಒಟ್ಟು 78 ಕಂತು. ನಾನಾಗ ಹೊಸದಾಗಿ ನೌಕರಿಗೆ ಸೇರಿದವನು. ಆ ಊರಿನಲ್ಲಿ ಟಿ.ವಿ. ಇದ್ದದ್ದು ಒಂದೆರಡು ಮನೆಗಳಲ್ಲಿ. ಪಡಸಾಲೆ ತುಂಬಿ, ಕಿಟಕಿಯ ಸರಳುಗಳಿಗೂ ಮಂದಿ ಜೋತುಬೀಳುತ್ತಿದ್ದರು. ಮಾತು ಹಿಂದಿಯದು, ಅಲ್ಲಿ ಕುಳಿತ ಹತ್ತು ಜನರಲ್ಲಿ ಒಂಬತ್ತು ಮಂದಿಗೆ ಹಿಂದಿ ಬಾರದು. ಆದರೂ ಯಾರಿಗೂ ತೊಡಕಾಗಲಿಲ್ಲ, ಏಕೆಂದರೆ ಕಥೆ ಮೊದಲೇ ಗೊತ್ತಿತ್ತು. ಗುಟ್ಟಿಲ್ಲದ ಕಥೆಯಾದ್ದರಿಂದಲೇ ಅದು ಭಾಷೆಯ ಗೋಡೆಯನ್ನು ದಾಟಿ ಬಂದಿತು. ಮುಂದೆ 2020ರ ಮಾರ್ಚ್ 28ರಿಂದ, ಕೋವಿಡ್ ಲಾಕ್‌ಡೌನ್ ದಿನಗಳಲ್ಲಿ ಅದೇ ರಾಮಾಯಣ ಮತ್ತೆ ಪ್ರಸಾರವಾದಾಗ, ಏಪ್ರಿಲ್ 16ರ ಕಂತನ್ನು 7.7 ಕೋಟಿ ಜನ ನೋಡಿದರೆಂದು ದೂರದರ್ಶನವೇ ಪ್ರಕಟಿಸಿತು. ಸಾವಿರಾರು ವರ್ಷಗಳಿಂದ ಕೊನೆ ಗೊತ್ತಿರುವ, ಮೂವತ್ತಮೂರು ವರ್ಷಗಳ ಹಿಂದೆ ಒಮ್ಮೆ ನೋಡಿಯೂ ಆಗಿದ್ದ ಕಥೆ!

ಈಗ ಕಥೆ ಬರುವ ರೀತಿಯೇ ಬೇರೆ. 2013ರ ಫೆಬ್ರುವರಿ 1ರಂದು ನೆಟ್‌ಫ್ಲಿಕ್ಸ್ ಸಂಸ್ಥೆ 'ಹೌಸ್ ಆಫ್ ಕಾರ್ಡ್ಸ್' ಧಾರಾವಾಹಿಯ ಮೊದಲ ಹದಿಮೂರೂ ಕಂತುಗಳನ್ನು ಒಂದೇ ದಿನ ನೋಡುಗರ ಮುಂದೆ ಸುರುವಿತು. 2016ರಲ್ಲಿ ಆ ಸಂಸ್ಥೆ ನಮ್ಮ ದೇಶಕ್ಕೂ ಬಂದಿತು, ಆಮೇಲೆ ಇನ್ನೂ ಹಲವು ಬಂದವು. ಒಂದು ಕಂತು ಮುಗಿಯುವುದು ಕಥಾನಾಯಕ ಬಾಗಿಲು ತೆರೆಯುವ ಹೊತ್ತಿಗೆ. ಬಾಗಿಲ ಹಿಂದೆ ಯಾರಿದ್ದಾರೆಂದು ನಾವು ಕಣ್ಣರಳಿಸುವಷ್ಟರಲ್ಲಿ ಮುಂದಿನ ಕಂತು ತಾನಾಗಿಯೇ ಆರಂಭವಾಗುತ್ತದೆ. ನಾವು ಮಾಡಬೇಕಾದ ಕೆಲಸ ಏನೂ ಇಲ್ಲ. ನಿಲ್ಲಿಸುವುದಾದರೆ ಮಾತ್ರ ಕೈ ಎತ್ತಬೇಕು. ತಮ್ಮ ಪೈಪೋಟಿ ಮನುಷ್ಯರ ನಿದ್ದೆಯೊಂದಿಗೆ ಎಂಬ ಅರ್ಥದ ಮಾತನ್ನು ಆ ಸಂಸ್ಥೆಯ ಮುಖ್ಯಸ್ಥರೇ 2017ರಲ್ಲಿ ಆಡಿದ್ದರು. ದೀಪಾವಳಿಯ ಆ ರಾತ್ರಿ ನನ್ನ ನಿದ್ದೆಯ ವಿರುದ್ಧ ಅವರಿಗೆ ಜಯವಾಯಿತು.

ಹೀಗೆ ಒಂದೇ ರಾತ್ರಿಯಲ್ಲಿ ಎಂಟು ಕಂತು ನುಂಗಿದವನಿಗೆ ಉಳಿಯುವುದು ಏನು? ನನ್ನ ಅನುಭವ ಹೇಳುತ್ತೇನೆ. ಕೊಲೆಗಾರ ಯಾರೆಂಬುದು ಇಂದಿಗೂ ನೆನಪಿದೆ. ಸತ್ತವನ ಹೆಸರೇ ಮರೆತಿದೆ. ಅಗಿಯದೆ ನುಂಗಿದ ರೊಟ್ಟಿಯಂತೆ ಹೊಟ್ಟೆಯೇನೋ ತುಂಬಿತು, ರುಚಿ ನೆನಪಿಲ್ಲ. 'ಮುಂದೇನು' ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಓಡುವವನಿಗೆ ಉತ್ತರ ಸಿಕ್ಕ ಕ್ಷಣಕ್ಕೆ ಕಥೆ ಮುಗಿಯುತ್ತದೆ. ಅಂಥವನಿಗೆ ಆ ಉತ್ತರವನ್ನು ಬೇರೆಯವರು ಹೇಳಿಬಿಟ್ಟರೆ ಸರ್ವಸ್ವವೂ ಹೋದಂತೆನಿಸುವುದು ಸಹಜ. ಆದ್ದರಿಂದ ಒಂದೇ ಏಟಿಗೆ ನೋಡುವ ಚಟ ಮತ್ತು ಗುಟ್ಟು ಒಡೆದೀತೆಂಬ ಅಂಜಿಕೆ ಎರಡೂ ಒಂದೇ ಬೇರಿನವು ಎಂದು ನನಗೆ ತೋರುತ್ತದೆ. ಯಾರಾದರೂ ಹೇಳಿಬಿಟ್ಟಾರೆಂಬ ಅಂಜಿಕೆಯಿಂದ ಬೇಗ ಬೇಗ ನೋಡುತ್ತೇವೆ. ಬೇಗ ನೋಡಿದ್ದರಿಂದ ಉಳಿದವರಿಗಿಂತ ಮುಂದೆ ಹೋಗಿ, ಬಾಯಿಗೆ ಬೀಗ ಹಾಕಿಕೊಳ್ಳುತ್ತೇವೆ.

ಮನೆಯ ಜನರ ನಡುವೆ ಮಾತಿಗೆ ವಿಷಯಗಳೇ ಕಡಿಮೆಯಾಗುತ್ತಿರುವ ಕಾಲವಿದು. ಮಗನ ಕಚೇರಿಯ ಕೆಲಸ ನನಗೆ ಅರ್ಥವಾಗುವುದಿಲ್ಲ. ನಾನು ಹೇಳುವ ಊರ ಸುದ್ದಿಯ ಮಂದಿ ಅವನಿಗೆ ಪರಿಚಯವಿಲ್ಲ. ಇಬ್ಬರಿಗೂ ಸಮಾನವಾಗಿ ಗೊತ್ತಿದ್ದದ್ದು ಆ ಒಂದು ಕಥೆ. ಹಬ್ಬದ ದಿನ ಒಂದು ತಾಸು ಹರಟಬಹುದಾಗಿದ್ದ ಆ ಕಥೆಯೇ ನಮ್ಮ ಬಾಯಿ ಕಟ್ಟಿತು. ನಾಲ್ಕು ದಿನಗಳ ಮೇಲೆ ಅವರನ್ನು ಬಸ್ಸಿಗೆ ಹತ್ತಿಸಿ ಬಂದಾಗ, ಇನ್ನು ಯುಗಾದಿಯವರೆಗೆ ಈ ಅವಕಾಶವಿಲ್ಲವಲ್ಲ ಎಂದು ಹಳಹಳಿಯಾಯಿತು.

ಅದಕ್ಕಾಗಿ ಒಂದು ಉಪಾಯ ಮಾಡಿದೆ. ಫೋನಿನಲ್ಲಿ ಮಗನಿಗೆ ಹೇಳಿದೆ: ಹೊಸದೊಂದು ಧಾರಾವಾಹಿ ಆರಿಸೋಣ. ವಾರಕ್ಕೆ ಎರಡೇ ಕಂತು, ನೀವು ಅಲ್ಲಿ, ನಾವು ಇಲ್ಲಿ. ರವಿವಾರ ಸಂಜೆ ಫೋನಿನಲ್ಲಿ ಮಾತು. ಯಾರೂ ಮುಂದೆ ಹೋಗಬಾರದು. ಅವನು ನಕ್ಕ, "ಅಪ್ಪಾ, ಮತ್ತ ಸಾಲಿ ಚಾಲೂ ಮಾಡಿದ್ರಿ" ಎಂದ, ಆದರೆ ಒಪ್ಪಿಕೊಂಡ. ಈಗ ಆರು ವಾರಗಳಾದವು. ಮೊದಲಾದರೆ ರವಿವಾರದ ಫೋನು ಆರೋಗ್ಯ, ಊಟ, ಮಳೆ ಎಂದು ಐದು ನಿಮಿಷಕ್ಕೆ ಮುಗಿಯುತ್ತಿತ್ತು. ಈಗ ಮುಕ್ಕಾಲು ತಾಸು. ಕಥೆಯಲ್ಲಿಯ ತಂದೆ ಆಸ್ತಿಯ ವಿಷಯದಲ್ಲಿ ಮಗನಿಗೆ ಮೋಸ ಮಾಡಿದ್ದು ಸರಿಯೋ ತಪ್ಪೋ ಎಂದು ಕಳೆದ ತಿಂಗಳು ಸೊಸೆ ನನ್ನೊಡನೆ ವಾದಕ್ಕಿಳಿದಳು. ಮದುವೆಯಾಗಿ ಮೂರು ವರ್ಷಗಳಲ್ಲಿ ಅವಳು ನನ್ನೆದುರು ದನಿಯೆತ್ತಿ ಮಾತನಾಡಿದ್ದು ಅದೇ ಮೊದಲು. ನನಗೆ ಬಹಳ ಸಂತೋಷವಾಯಿತು.

ಇದು ಎಲ್ಲರಿಗೂ ಒಗ್ಗುವ ಮದ್ದೆಂದು ನಾನು ಹೇಳುವುದಿಲ್ಲ. ರಜೆಯ ದಿನ ಒಬ್ಬನೇ ಕುಳಿತು ಒಂದು ಕಥೆಯನ್ನು ಮುಗಿಸುವ ಸುಖವನ್ನೂ ಅಲ್ಲಗಳೆಯುವುದಿಲ್ಲ. ಆದರೆ ಮನೆಮಂದಿಯೊಡನೆ ಹಂಚಿಕೊಳ್ಳಬಹುದಾದ ಒಂದು ಕಥೆಯನ್ನಾದರೂ ನಿಧಾನವಾಗಿ ನೋಡಿರಿ, ನಡುನಡುವೆ ನಿಲ್ಲಿಸಿ ಮಾತನಾಡಿರಿ ಎಂದು ಓದುಗ ಮಿತ್ರರಲ್ಲಿ, ವಿಶೇಷವಾಗಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೇಳಿಕೊಳ್ಳುತ್ತೇನೆ.

ಕೊನೆಗೆ ಒಂದು ತಪ್ಪೊಪ್ಪಿಗೆ. ಕಳೆದ ಬುಧವಾರ ರಾತ್ರಿ ನಿದ್ದೆ ಬಾರದೆ, ಕಿವಿಗೆ ವಾಯರು ಸಿಕ್ಕಿಸಿಕೊಂಡು, ನಾನೇ ಒಂದು ಕಂತು ಮುಂದೆ ಹೋಗಿದ್ದೇನೆ. ಮನೆಯಾಕೆ ಕತ್ತಲೆಯಲ್ಲಿಯೇ, "ರೀ, ರವಿವಾರ ಅವನ ಮುಂದ ಏನ್ ಹೇಳ್ತೀರಿ?" ಎಂದಳು. ನಾನು ಮೊಬೈಲು ಆರಿಸಿ ಮಗ್ಗುಲಾದೆ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಮೆಲ್ಲಗೆ ಕೇಳಿದಳು: "ಆ ಹುಡಿಗಿ ಉಳಿದ್ಲೇನು?"